ಬುಟ್ಟಿಯಪ್ಪನಿಗೆ ಓಟ ಕಲಿಸಿದವರು

ನಮ್ಮ ಪಿ.ಟಿ. ಮೇಷ್ಟ್ರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಸುಣ್ಣ ಕೂತಿರುತ್ತಿತ್ತು. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ. ಗೆರೆ ಎಳೆಯಲೆಂದೇ ಶಾಲೆಯಲ್ಲಿ ತಳಕ್ಕೆ ತೂತು ಕೊರೆದ ತಗಡಿನ ಡಬ್ಬಿಯೊಂದಿತ್ತು. ಅವರು ಅದನ್ನು ಮುಟ್ಟುತ್ತಿರಲಿಲ್ಲ. ಮುಷ್ಟಿ ತುಂಬ ಪುಡಿ ಹಿಡಿದು, ಸೊಂಟ ಬಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತ, ರಂಗೋಲಿ ಎಳೆಯುವ ಹೆಂಗಸರ ಹಾಗೆ ಬೆರಳ ಸಂದಿಯಿಂದ ಬಿಡುತ್ತ ಹೋಗುತ್ತಿದ್ದರು. ಇನ್ನೂರು ಮೀಟರಿನ ತಿರುವುಗಳೂ ಹಾಗೆಯೇ ಬೀಳುತ್ತಿದ್ದವು. ಆಮೇಲೆ ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ಉಗುರಿನ ಬಿಳುಪು ಹೋಗುತ್ತಿರಲಿಲ್ಲ. ಪರೀಕ್ಷೆಯ ದಿನ ಅವರು ನಮ್ಮ ಕೊಠಡಿಗೆ ಬಂದರೆ ಉತ್ತರಪತ್ರಿಕೆಯ ಮೂಲೆಯಲ್ಲಿ ಸಹಿಯ ಜೊತೆಗೆ ಒಂದು ಬಿಳಿ ಬೆರಳಿನ ಗುರುತೂ ಬೀಳುತ್ತಿತ್ತು.

ನಾನು ಕೆರೆಬಿಳಚಿಯಿಂದ ಬಸವಾಪಟ್ಟಣದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದವಳು. ಎಂಟನೇ ಕ್ಲಾಸಿನ ಒಂದು ಸಂಜೆ, ಹೊರಟುಬಿಟ್ಟ ಬಸ್ಸಿನ ಹಿಂದೆ ಓಡುತ್ತ ಶಾಲೆಯ ಮುಂದಿನ ಚರಂಡಿ ಹಾರಿದೆ. ಬಸ್ಸು ಸಿಕ್ಕಿತು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಮೇಷ್ಟ್ರು ಅದೇ ಚರಂಡಿಯ ಪಕ್ಕ ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡೊಡನೆ ತಲೆ ಎತ್ತಿ ಕೇಳಿದರು:

"ನಿನ್ನೆ ಎಲ್ಲಿಂದ ಕಾಲು ಎತ್ತಿದೆ, ತೋರ್ಸು."

ಬೈಯುತ್ತಾರೆಂದು ಹೆದರಿ ತೋರಿಸಿದೆ. ಅಳೆದರು, ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. "ನಾಳೆಯಿಂದ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಾ" ಎಂದರು. ಅಂದಿನಿಂದ ನನ್ನ ಹೆಸರು 'ಲಾಂಗ್ ಜಂಪು' ಆಯಿತು. ಅವರಿಗೆ ಹುಡುಗರ ಹೆಸರು ನೆನಪಿರುತ್ತಿರಲಿಲ್ಲವೋ, ನೆನಪಿಟ್ಟುಕೊಳ್ಳುವುದು ಬೇಕಿರಲಿಲ್ಲವೋ, ಎಲ್ಲರನ್ನೂ ಅವರವರ ಆಟದ ಹೆಸರಿನಿಂದಲೇ ಕೂಗುತ್ತಿದ್ದರು. "ಏ ಎಂಟುನೂರು, ಶರ್ಟು ಒಳಗೆ ಹಾಕು." "ಶಾಟ್‌ಪುಟ್ ಇವತ್ತು ಯಾಕೆ ಬಂದಿಲ್ಲ?" ಊರವರೂ ಅದಕ್ಕೆ ಒಗ್ಗಿಹೋಗಿದ್ದರು. ಒಮ್ಮೆ ಎಂಟುನೂರು ಮೀಟರ್ ಓಡುವ ಹುಡುಗನ ಅಪ್ಪ ಶಾಲೆಗೆ ಬಂದವರು, "ಸರ್, ನಾನು ಎಂಟುನೂರನ ತಂದೆ" ಎಂದೇ ಪರಿಚಯ ಹೇಳಿಕೊಂಡರು.

ಅಭ್ಯಾಸದಲ್ಲಿ ಅವರದು ಒಂದೇ ಕಾನೂನು. ಒಂದು ಫೌಲಿಗೆ ಮೈದಾನದ ಸುತ್ತ ಒಂದು ರೌಂಡು. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಕಾರಣವನ್ನೂ ಕೇಳುತ್ತಿರಲಿಲ್ಲ. ಬೆರಳೆತ್ತಿ ಗಾಳಿಯಲ್ಲಿ ಒಂದು ಸೊನ್ನೆ ಬರೆದರೆ ಓಡಬೇಕು. ಮರಳಿನ ಹೊಂಡ ಕಂಡು ಹೆದರಿ ಕೊನೆಯ ಹೆಜ್ಜೆಯಲ್ಲಿ ತಡವರಿಸುವವರಿಗೆ ಅವರು ಹೇಳುತ್ತಿದ್ದ ಮಾತೂ ಒಂದೇ: "ಹೊಂಡ ಎಲ್ಲೂ ಓಡಿಹೋಗಲ್ಲ. ಅದನ್ನ ಯಾಕೆ ನೋಡ್ತೀಯ? ನಿನ್ನ ಓಟ ನೋಡ್ಕೋ."

ಅದೇ ಕಾಲಕ್ಕೆ ನನಗೆ ಇನ್ನೊಂದು ಹೊಂಡದ ಪರಿಚಯವೂ ಆಯಿತು. ಬಸವಾಪಟ್ಟಣದಲ್ಲಿದ್ದ ನನ್ನ ಸೋದರಮಾವ ದಾವಣಗೆರೆಯಿಂದ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ತಂದಿದ್ದರು. ಅದರಲ್ಲೊಂದು ಆಟ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಒಬ್ಬ ಗಿಡ್ಡ ಮನುಷ್ಯ ಎಡದಿಂದ ಬಲಕ್ಕೆ ಓಡುತ್ತಾನೆ. ಮುರಿದ ಸೇತುವೆ, ಉರುಳುವ ಬಂಡೆ, ಬಾಯಿ ತೆರೆದ ಹೊಂಡ, ಎಲ್ಲವನ್ನೂ ಹಾರುತ್ತ, ದಾರಿಯಲ್ಲಿ ಸಿಗುವ ಗಂಟೆಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತ ಕೊನೆಗೆ ಒಂದು ಗೋಪುರದ ತುದಿ ಮುಟ್ಟಬೇಕು. ಮೂರು ಜೀವ. ಮೂರೂ ಹೋದರೆ ಮತ್ತೆ ಮೊದಲಿನಿಂದ. ಆಟದ ಹೆಸರು ಯಾವುದೋ ಅರ್ಥವಾಗದ ಲಿಪಿಯಲ್ಲಿತ್ತು. ಅತ್ತೆ ಅವನಿಗೆ ಬುಟ್ಟಿಯಪ್ಪ ಎಂದು ಹೆಸರಿಟ್ಟರು, ಅದೇ ಉಳಿಯಿತು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟರೆ ನಾನು ನೇರ ಮಾವನ ಮನೆಗೆ ಹೋಗಿ ಟಿವಿ ಮುಂದೆ ಕೂರುತ್ತಿದ್ದೆ.

ಒಂದು ಶನಿವಾರ ಹಾಗೆ ಕೂತು ಸಂಜೆಯ ಅಭ್ಯಾಸ ಮರೆತೆ. ಮೇಷ್ಟ್ರು ಹುಡುಕಿಕೊಂಡು ಬಂದೇಬಿಟ್ಟರು. ಬಾಗಿಲಲ್ಲಿ ನಿಂತು, ನಾನು ಏಳುವ ಮೊದಲು ಎರಡು ನಿಮಿಷ ಸುಮ್ಮನೆ ಟಿವಿಯನ್ನೇ ನೋಡಿದರು. ಬುಟ್ಟಿಯಪ್ಪ ಮುರಿದ ಸೇತುವೆಯಿಂದ ಕೆಳಗೆ ಬಿದ್ದ.

"ಇವ್ನಿಗೆ ರನ್-ಅಪ್ ಬರಲ್ಲ" ಎಂದರು. ಟಿವಿಯ ಗುಂಡಿ ಒತ್ತಿ ಆರಿಸಿದರು. "ನಡಿ, ಬರೋರಿಗೆ ಕಲ್ಸಾಣ."

ನನಗೆ ಬರುತ್ತಿತ್ತು. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ತಾಲ್ಲೂಕಿನಲ್ಲಿ ನನ್ನಷ್ಟು ದೂರ ಹಾರುವ ಹುಡುಗಿ ಇರಲಿಲ್ಲ. ಚನ್ನಗಿರಿಯ ಕೂಟದಲ್ಲಿ ಮೊದಲ ಜಿಗಿತಕ್ಕೇ ಗೆದ್ದು ದಾವಣಗೆರೆಯ ಜಿಲ್ಲಾ ಕೂಟಕ್ಕೆ ಹೋದೆ. ಅಲ್ಲಿ ನನಗೆ ಸರಿಸಮ ಎಂದು ಎಲ್ಲರೂ ಹೇಳುತ್ತಿದ್ದವಳು ಜಗಳೂರಿನ ಒಬ್ಬ ಹುಡುಗಿ, ಅಷ್ಟೇ. ಮೇಷ್ಟ್ರು ಬೆಳಿಗ್ಗೆಯೇ ಹೋಗಿ ನನ್ನ ಓಟ ಶುರುವಾಗುವ ಜಾಗವನ್ನು ಅಡಿ ಅಳೆದು, ಒಂದು ಚಪ್ಪಟೆ ಕಲ್ಲಿಟ್ಟು ಗುರುತು ಮಾಡಿದರು. "ಇಲ್ಲಿಂದ ಹೊರಡು. ಕಣ್ಮುಚ್ಕೊಂಡು ಓಡಿದ್ರೂ ಹಲಗಿ ಮೇಲೇ ಕಾಲು ಬೀಳ್ತೈತೆ."

ಬೀಳಲಿಲ್ಲ. ಮೊದಲ ಸಲ ಕಾಲು ಹಲಗೆ ದಾಟಿತು, ಫೌಲು. ಎರಡನೆಯದೂ ದಾಟಿತು. ಮೇಷ್ಟ್ರಿಟ್ಟ ಕಲ್ಲು ತಪ್ಪಿರಬಹುದೆಂದು ಅನಿಸುವ ವಯಸ್ಸಲ್ಲ ಅದು. ತಪ್ಪಿದ್ದು ನನ್ನ ಕಾಲೇ ಎಂದುಕೊಂಡೆ. ಮೂರನೆಯ ಸಲ ಹೆಜ್ಜೆ ಚಿಕ್ಕದು ಮಾಡಲು ಹೋಗಿ ಎಲ್ಲ ಕಲಸಿಹೋಗಿ ಮತ್ತೆ ದಾಟಿದೆ. ಮೂರು ಜಿಗಿತಕ್ಕೆ ಮೂರು ಕೆಂಪು ಬಾವುಟ. ಜಗಳೂರಿನ ಹುಡುಗಿ ಗೆದ್ದಳು. ಅವಳ ಜಿಗಿತ ನನ್ನ ಅಭ್ಯಾಸದ ಜಿಗಿತಕ್ಕಿಂತ ಒಂದು ಗೇಣು ಕಡಿಮೆ ಇತ್ತು.

ಮೇಷ್ಟ್ರು ಬೆರಳೆತ್ತಿ ಸೊನ್ನೆ ಬರೆಯಲಿಲ್ಲ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕೂತರು. ಮುಂದಿನ ವಾರ ನಾನು ಅಭ್ಯಾಸಕ್ಕೆ ಹೋಗಲಿಲ್ಲ. ಅವರೂ ಹುಡುಕಿಕೊಂಡು ಬರಲಿಲ್ಲ.

ಆದರೂ ಮೈದಾನ ನನ್ನನ್ನು ಬಿಡಲಿಲ್ಲ. ಓದು ಮುಗಿಸಿ, ತರಬೇತಿ ಪಡೆದು, ನಾನೂ ಪಿ.ಟಿ. ಟೀಚರ್ ಆಗಿ ಹೊನ್ನಾಳಿಗೆ ಬಂದೆ. ಖೋಖೋ ಕಲಿಸಿದೆ, ಕಬಡ್ಡಿ ಕಲಿಸಿದೆ, ರಿಲೇ ಕಲಿಸಿದೆ. ಲಾಂಗ್ ಜಂಪ್ ಮಾತ್ರ ಕಲಿಸಲಿಲ್ಲ. ನಮ್ಮ ಶಾಲೆಯ ಮರಳಿನ ಹೊಂಡದಲ್ಲಿ ಗರಿಕೆ ಬೆಳೆದು, ಊರ ಕುರಿಗಳು ಮೇಯಲು ಬರುತ್ತಿದ್ದವು. ಕೇಳಿದವರಿಗೆ "ಮರಳು ಸರಿ ಇಲ್ಲ" ಎನ್ನುತ್ತಿದ್ದೆ. ಪಕ್ಕದಲ್ಲೇ ತುಂಗಭದ್ರೆ ಹರಿಯುವ ಊರಿನಲ್ಲಿ ನಿಂತು ಈ ಮಾತು ಹೇಳುವುದಕ್ಕೆ ನನಗೆ ನಾಚಿಕೆ ಆಗಬೇಕಿತ್ತು.

ಮೂರು ವರ್ಷದ ಕೆಳಗೆ ನನ್ನ ಹುಟ್ಟಿದ ಹಬ್ಬಕ್ಕೆ ನಾನೇ ನನಗೊಂದು ಉಡುಗೊರೆ ತರಿಸಿಕೊಂಡೆ. ಅಂಗೈಯಗಲದ, ಎರಡೂ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್. ಅದರೊಳಗೆ ಬುಟ್ಟಿಯಪ್ಪನ ಹಳೆಯ ಆಟವನ್ನೇ ಹೊಸದಾಗಿ ಮಾಡಿ ಕೂರಿಸಿದ್ದರು. ಹಳೆಯದರಲ್ಲಿ ಅವನಿಗೆ ಮುಖವೇ ಇರಲಿಲ್ಲ, ನಾಲ್ಕು ಚೌಕಗಳನ್ನು ಜೋಡಿಸಿದ ಹಾಗಿದ್ದ. ಈಗ ಮೀಸೆ ಬಂದಿತ್ತು, ಬುಟ್ಟಿಯ ಹೆಣಿಗೆ ಕಾಣುತ್ತಿತ್ತು, ಓಡಿದರೆ ಧೂಳೆದ್ದು ಬೀಳುತ್ತಿತ್ತು. ಸೇತುವೆ, ಬಂಡೆ, ಹೊಂಡ ಎಲ್ಲ ಇದ್ದಲ್ಲೇ ಇದ್ದವು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನು ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಆಡುತ್ತಿದ್ದೆ. ವಿಚಿತ್ರವೆಂದರೆ, ಬಾಲ್ಯದಲ್ಲಿ ಕೊನೆಕೊನೆಗೆ ಕಣ್ಣು ಮಿಟುಕಿಸದೆ ದಾಟುತ್ತಿದ್ದ ಮೂರನೇ ಘಟ್ಟದ ಮುರಿದ ಸೇತುವೆಯನ್ನು ಹೊಸದರಲ್ಲಿ ದಾಟಲು ಆಗುತ್ತಲೇ ಇರಲಿಲ್ಲ.

ಆ ದಿನಗಳಲ್ಲೇ ಮೇಷ್ಟ್ರ ಹೆಂಡತಿಯಿಂದ ಫೋನು ಬಂತು. ಅವರನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ರಿಟೈರ್ ಆದ ಮೇಲೆ ಇಬ್ಬರೂ ಅವರ ತವರೂರಾದ ನ್ಯಾಮತಿಯಲ್ಲಿ ಮನೆ ಮಾಡಿದ್ದರು. ಯುಗಾದಿಗೊಮ್ಮೆ ಹೋಗಿ ಕಾಲಿಗೆ ನಮಸ್ಕರಿಸಿ ಬರುವಷ್ಟು ಮಾತ್ರ ನನ್ನ ಸಂಬಂಧ ಉಳಿದಿತ್ತು. ಅಮ್ಮ ಹೇಳಿದ ಕಥೆ ಇಷ್ಟು. ಬೀದಿಯಲ್ಲಿ ಪೈಪು ಹಾಕಲು ಮನೆ ಮುಂದೆ ಕಾಲುವೆ ತೋಡಿದ್ದರು. ದಾಟಲು ಹಲಗೆಯನ್ನೂ ಹಾಸಿದ್ದರು. ಎಪ್ಪತ್ತು ದಾಟಿದ ನಮ್ಮ ಮೇಷ್ಟ್ರು ಹಲಗೆಯನ್ನು ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿಬಂದು ಹಾರಿದರು.

ಹೋಗಿ ನೋಡಿದೆ. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ತೊಡೆಯ ಮೂಳೆಗೆ ರಾಡು ಹಾಕಿ ಕಳಿಸಿದ್ದರು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ಮೇಷ್ಟ್ರು ನನ್ನನ್ನು ನೋಡಿದವರೇ, ಆರೋಪಿ ಜಡ್ಜಿಗೆ ಹೇಳುವ ಹಾಗೆ ಹೇಳಿದರು:

"ನೋಡು ಲಾಂಗ್ ಜಂಪು, ಜಂಪ್ ಸರಿಯಾಗೇ ಇತ್ತು. ಆ ಕಡೆ ಮಣ್ಣು ಸಡಿಲ ಇತ್ತು. ಲ್ಯಾಂಡಿಂಗ್ ನನ್ನ ಕೈಯಾಗೆ ಇರ್ಲಿಲ್ಲ."

"ಕಾಲಾಗೂ ಇರ್ಲಿಲ್ಲ" ಎಂದರು ಅಮ್ಮ, ಅಡುಗೆಮನೆಯಿಂದ.

ನಗು ಮುಗಿದ ಮೇಲೆ ಅಮ್ಮ ನನ್ನನ್ನು ಹಿತ್ತಿಲಿಗೆ ಕರೆದರು. ವಾಕರ್ ಹಿಡಿದು ದಿನಕ್ಕೆ ನಾಲ್ಕು ಸಲ ನಡೆಯಲೇಬೇಕೆಂದು ಡಾಕ್ಟರು ಹೇಳಿ ಹದಿನೈದು ದಿನವಾಗಿತ್ತು. ಇವರು ವಾಕರನ್ನು ಮುಟ್ಟಿಯೂ ಇರಲಿಲ್ಲ. "ಸಾವಿರ ಹುಡುಗರನ್ನ ಓಡ್ಸಿದೋನು ನಾನು, ನಾಲ್ಕು ಕಾಲಲ್ಲಿ ನಡೀಲಾ ಅಂತಾರೆ. ಹಿಂಗೇ ಮಲಗಿದ್ರೆ ಮತ್ತೆ ಏಳೋದೇ ಇಲ್ಲಂತೆ. ನೀನಾದ್ರೂ ಹೇಳು ತಾಯಿ, ನಿನ್ನ ಮಾತು ಕೇಳ್ತಾರೆ" ಎಂದು ಕಣ್ಣೊರೆಸಿಕೊಂಡರು.

ನನ್ನ ಮಾತನ್ನು ಅವರೇನೂ ಕೇಳಲಿಲ್ಲ. ಆದರೆ ನಾನು ಪ್ರತಿ ಭಾನುವಾರ ಬಸ್ಸು ಹತ್ತಿ ನ್ಯಾಮತಿಗೆ ಹೋಗತೊಡಗಿದೆ. ಹಳೆಯ ಶಿಷ್ಯರೂ ಬರುತ್ತಿದ್ದರು. ಒಮ್ಮೆ ಹೊಟ್ಟೆ ಬಂದ, ತಲೆ ಬೋಳಾದ ಬ್ಯಾಂಕಿನ ಮ್ಯಾನೇಜರೊಬ್ಬರು ಬಾಗಿಲಲ್ಲಿ ಕೈಮುಗಿದು ನಿಂತು, "ಸರ್, ನಾನು ಹೈ ಜಂಪ್" ಎಂದರು. ಮೇಷ್ಟ್ರು ಅವರನ್ನು ಮೇಲಿಂದ ಕೆಳಗೆ ನೋಡಿ, "ಕೋಲು ಎಷ್ಟು ಕೆಳಗೆ ಇಳಿಸ್ಬೇಕಪ್ಪ ಈಗ?" ಎಂದು ಕೇಳಿದರು. ಇಷ್ಟೆಲ್ಲ ತಮಾಷೆ ಮಾಡುವವರು, ವಾಕರ್ ಎಂದೊಡನೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ಎರಡನೇ ಭಾನುವಾರವೋ ಮೂರನೆಯದೋ, ಅವರು ನಿದ್ದೆ ಹೋಗಿದ್ದಾರೆಂದುಕೊಂಡು ನಾನು ಪಕ್ಕದ ಕುರ್ಚಿಯಲ್ಲಿ ಕೂತು ಗೇಮ್ ತೆಗೆದೆ. ಬುಟ್ಟಿಯಪ್ಪ ಸೇತುವೆಯಿಂದ ಬಿದ್ದ. ಮತ್ತೆ ಬಿದ್ದ. ಐದಾರು ಸಲ ಬಿದ್ದ ಮೇಲೆ ಮಂಚದಿಂದ ದನಿ ಬಂತು.

"ಇವನು ಅವನೇ ಅಲ್ವೇನೇ? ನಿಮ್ಮ ಮಾವನ ಮನೆ ಟಿವಿಯಾಗೆ ಬೀಳ್ತಿದ್ನಲ್ಲ?"

ಇಪ್ಪತ್ತು ವರ್ಷದ ಹಿಂದೆ ಎರಡೇ ನಿಮಿಷ ನೋಡಿದ್ದ ಬುಟ್ಟಿಯಪ್ಪನನ್ನು ಅವರು ಗುರುತು ಹಿಡಿದಿದ್ದರು. ಕನ್ನಡಕ ಹಾಕಿಕೊಂಡರು. "ತಾ ಇಲ್ಲಿ, ನೋಡಾಣ" ಎಂದು ನನ್ನನ್ನು ಮಂಚದ ಅಂಚಿಗೆ ಕೂರಿಸಿಕೊಂಡು, ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದರು. ಅಡುಗೆಮನೆಗೆ ಕೇಳುವಂತೆ ಕೋಚಿಂಗ್ ಶುರುವಾಯಿತು.

"ತಡ ಆತು ಕಾಲೆತ್ತಿದ್ದು… ಈಗ ಬೇಗ ಆತು… ಅಯ್ಯೋ, ಹೊಂಡ ಯಾಕೆ ನೋಡ್ತೀಯೇ!"

ಹತ್ತು ನಿಮಿಷವಾದ ಮೇಲೆ ಅವರ ದನಿ ಬದಲಾಯಿತು. ಕೆಲಸದ ದನಿ.

"ಇನ್ನೊಂದ್ಸಲ ಓಡ್ಸು. ಹಾರಬೇಡ, ಬರೀ ಓಡ್ಸಿ ನಿಲ್ಸು." ಓಡಿಸಿ ನಿಲ್ಲಿಸಿದೆ. "ಆ ಟಿವಿಯಾಗೆ ಇವ್ನು ನಿಂತ ಮೇಲೂ ಒಂದು ಗೇಣು ಜಾರ್ತಿದ್ದ. ಇದ್ರಾಗೆ ಜಾರಲ್ಲ, ಇದ್ದಲ್ಲೇ ನಿಲ್ತಾನೆ. ಓಟದ ವೇಗನೂ ಬೇರೆ ಐತೆ. ನೀನು ಹಳೇ ಗುರುತಿನಿಂದ ಓಡ್ತಾ ಇದ್ದೀಯ. ನೆಲ ಬದ್ಲಾಗೇತೆ ಕಣೇ, ಗುರುತು ಬದಲ್ಸು. ಎರಡು ಹೆಜ್ಜೆ ಹಿಂದಿಂದ ಹೊರಡು."

ಎರಡು ಹೆಜ್ಜೆ ಹಿಂದಿನಿಂದ ಹೊರಟೆ. ಬುಟ್ಟಿಯಪ್ಪ ಸೇತುವೆ ದಾಟಿ ಆಚೆ ನಿಂತು ಮೀಸೆ ತಿರುವಿದ. ನಾನು ಕಿರುಚಿದೆ. ಮೇಷ್ಟ್ರು ಮಾತ್ರ, ಯಾಕೋ, ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟರು.

ಆ ದಿನ ಗೇಮನ್ನು ಅವರಲ್ಲೇ ಬಿಟ್ಟುಬಂದೆ. ಮುಂದಿನ ಭಾನುವಾರ ಹೋದಾಗ ಅಮ್ಮ ಬಾಗಿಲಲ್ಲೇ ದೂರು ಹೇಳಿದರು: "ಬೆಳಿಗ್ಗೆಯಿಂದ ಸಂಜೆ ತನಕ ಅದೇ. ಊಟಕ್ಕೆ ಕರೆದ್ರೆ, ಇರು ಬಂಡೆ ಉರುಳ್ತೈತೆ ಅಂತಾರೆ." ಒಳಗೆ ಹೋದರೆ ಮಂಚದ ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಅದರ ತುಂಬ ಲೆಕ್ಕ. ಮೊದಲ ಹೊಂಡಕ್ಕೆ ಆರು ಹೆಜ್ಜೆ, ಎರಡನೆಯದಕ್ಕೆ ಒಂಬತ್ತು, ಗಾಳಿ ಬೀಸುವ ಘಟ್ಟದಲ್ಲಿ ಒಂದು ಹೆಚ್ಚು. ಹೊಸ ಆಟದಲ್ಲಿ ಜೀವಗಳಿಗೆ ಮಿತಿ ಇರಲಿಲ್ಲ. ಬಿದ್ದರೆ ಬಿದ್ದ ಜಾಗದಿಂದಲೇ ಮತ್ತೆ ಶುರು. ಮೊದಲು ಅದಕ್ಕೆ ಅವರಿಗೆ ಸಿಟ್ಟು ಬಂದಿತ್ತಂತೆ. ಚಾನ್ಸು ಮೂರೇ ಇರಬೇಕು, ಇದೆಂಥಾ ಸ್ಪರ್ಧೆ ಎಂದು ಅಮ್ಮನ ಮುಂದೆ ವಾದ ಮಾಡಿದ್ದರಂತೆ.

ಆದರೆ ಆ ಮಧ್ಯಾಹ್ನ, ಬಿದ್ದ ಬುಟ್ಟಿಯಪ್ಪ ಧೂಳು ಕೊಡವಿಕೊಂಡು ಏಳುವುದನ್ನೇ ನೋಡುತ್ತ, ಬೇರೆ ಮಾತು ಹೇಳಿದರು.

"ಇದೊಂದು ಒಳ್ಳೇದು ಮಾಡಿದಾರೆ. ಎಷ್ಟು ಸಲ ಬಿದ್ರೂ ಬಿಡ್ತಾರೆ. ನಿನಗೆ ಮೂರೇ ಸಿಕ್ವು. ಆ ಮೂರನ್ನೂ ನಾನೇ ತಿಂದೆ."

ನನಗೆ ತಿಳಿಯಲಿಲ್ಲ. "ಏನು ಸರ್?" ಎಂದೆ.

ಅವರು ಗೇಮನ್ನು ಹಾಸಿಗೆಯ ಮೇಲೆ ಇಟ್ಟರು.

"ದಾವಣಗೆರೆಯಾಗೆ. ಅವತ್ತು ಬೆಳಿಗ್ಗೆ ನೆಲ ಹಸಿ ಇತ್ತು, ಹಿಂದಿನ ದಿನ ಮಳೆ ಬಂದು. ಹಸಿ ನೆಲದಾಗೆ ನಿನ್ನ ಹೆಜ್ಜೆ ಚಿಕ್ಕದಾಗ್ತವೆ, ಹಲಗಿಗೆ ಮುಟ್ಟಲ್ಲ ಅಂತ ನಿನ್ನ ಗುರುತು ಮುಂದೆ ಹಾಕ್ದೆ. ನಿನಗೆ ಹೇಳಿಲ್ಲ. ಹೇಳಿದ್ರೆ ಅದನ್ನೇ ಯೋಚ್ನೆ ಮಾಡ್ತೀಯ ಅಂತ. ಆಮೇಲೆ ಬಿಸಿಲು ಬಂತು. ನಿಮ್ಮ ಸ್ಪರ್ಧೆ ಮಧ್ಯಾಹ್ನಕ್ಕೆ ಹೋತು. ನೆಲ ಗಟ್ಟಿ ಆತು. ಅಷ್ಟೊತ್ತಿಗೆ ನನ್ನನ್ನ ಶಾಟ್‌ಪುಟ್ ಅಳೆಯಾಕೆ ಕರೆದ್ರು, ಹೋದೆ. ಆ ಕಲ್ಲು ವಾಪಸ್ ಸರಿಸ್ಬೇಕು ಅನ್ನೋದೇ ಮರೆತುಹೋತು. ದೂರದಿಂದ ಮೂರನೇ ಕೆಂಪು ಬಾವುಟ ನೋಡ್ದಾಗ ನೆನಪಾತು."

ಹೊದಿಕೆ ಸರಿಮಾಡಿಕೊಂಡು ಮತ್ತೆ ಹೇಳಿದರು. "ಬಸ್ಸಾಗೆ ಹೇಳ್ಬೇಕು ಅಂತಿದ್ದೆ. ಬಾಯಿಗೆ ಬರ್ತಿತ್ತು, ನಿಲ್ತಿತ್ತು. ಅದಕ್ಕೇ ಮಂಡಕ್ಕಿ ಕೊಡ್ಸಿದೆ."

ಈಗ ಬರೆಯುವಾಗ ದೊಡ್ಡ ಮನಸ್ಸಿನ ಮಾತು ಬರೆಯುವುದು ಸುಲಭ. ಆಗ ನನಗೆ ಸಿಟ್ಟು ಬಂತು. ಮಂಚದ ಮೇಲೆ ಕಾಲು ಚಾಚಿ ಮಲಗಿದ ಮುದುಕರೆಂದೂ ನೋಡದೆ ಕೆಟ್ಟ ಸಿಟ್ಟು ಬಂತು. ನನ್ನ ಕಾಲನ್ನು ನಾನು ಇಪ್ಪತ್ತು ವರ್ಷ ನಂಬಿರಲಿಲ್ಲ. ಮೆಟ್ಟಿಲು ಇಳಿಯುವಾಗ ಕೂಡ ಕೊನೆಯ ಹೆಜ್ಜೆಯಲ್ಲಿ ಒಮ್ಮೆ ನಿಂತು ನೋಡುವ ಅಭ್ಯಾಸ ಬಿದ್ದಿತ್ತು. ಎಷ್ಟೋ ಹುಡುಗಿಯರು "ಟೀಚರ್, ಲಾಂಗ್ ಜಂಪ್ ಕಲಿಸ್ರಿ" ಎಂದು ಕೇಳಿದಾಗ ನನಗೇ ಬಾರದ್ದನ್ನು ಏನು ಕಲಿಸಲಿ ಎಂದುಕೊಂಡು ಸುಳ್ಳು ಹೇಳಿ ಕಳಿಸಿದ್ದೆ. ಎದ್ದು ಹಿತ್ತಿಲಿಗೆ ಹೋಗಿ ತೊಟ್ಟಿಯ ನೀರಿನಲ್ಲಿ ಮುಖ ತೊಳೆದೆ. ಅಮ್ಮ ಗಾಬರಿಯಾಗಿ, "ಏನಂದ್ರು?" ಎಂದು ಕೇಳಿದರು. ಇನ್ನೊಮ್ಮೆ ಮುಖಕ್ಕೆ ನೀರು ಎರಚಿಕೊಂಡೆ.

ಒಳಗೆ ಬಂದಾಗ ಅವರು ಗೋಡೆ ಕಡೆ ತಿರುಗಿರಲಿಲ್ಲ. ನನ್ನ ದಾರಿಯನ್ನೇ ನೋಡುತ್ತಿದ್ದರು.

"ಎಷ್ಟು ಸರ್?" ಎಂದೆ. "ಎಷ್ಟು ಮುಂದೆ ಹಾಕಿದ್ರಿ?"

"ಒಂದಡಿ ಎರಡಿಂಚು." ನೆನಪು ಮಾಡಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ ಅವರಿಗೆ.

ನಾನು ಮೂಲೆಯಲ್ಲಿದ್ದ ವಾಕರನ್ನು ತಂದು ಮಂಚದ ಮುಂದೆ ಇಟ್ಟೆ.

"ಹಂಗಾದ್ರೆ ಆ ಮೂರೂ ಫೌಲು ನಿಮ್ಮವು ಸರ್. ಮೂರು ರೌಂಡು. ಏಳ್ರಿ."

ಬೆರಳೆತ್ತಿ ಗಾಳಿಯಲ್ಲಿ ಒಂದು ಸೊನ್ನೆಯನ್ನೂ ಬರೆದೆ. ಅವರು ನನ್ನ ಬೆರಳನ್ನು ನೋಡಿದರು, ವಾಕರನ್ನು ನೋಡಿದರು. ಒಂದು ಫೌಲಿಗೆ ಒಂದು ರೌಂಡು ಎನ್ನುವ ಕಾನೂನು ಮಾಡಿದವರೇ ಅವರು. ಅದನ್ನು ಮೀರಲು ಅವರಿಂದಾಗುವಂತಿರಲಿಲ್ಲ. ಹಲ್ಲು ಕಚ್ಚಿ ಎರಡೂ ಕಾಲನ್ನು ನೆಲಕ್ಕೆ ಇಳಿಬಿಟ್ಟರು. ಒಂದು ಕಡೆ ಅಮ್ಮ, ಒಂದು ಕಡೆ ನಾನು. ಎದ್ದು ನಿಂತವರ ಹಣೆಯ ಮೇಲೆ ಬೆವರು ಮೂಡಿತ್ತು.

ನಡುಮನೆಯ ಸುತ್ತ ಮೂರು ರೌಂಡು. ಮೊದಲನೆಯದಕ್ಕೆ ಎಷ್ಟು ಹೊತ್ತು ಹಿಡಿಯಿತೋ, ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು, ಯಾರೂ ಆ ಕಡೆ ಹೋಗಲಿಲ್ಲ. ಎರಡನೆಯದರ ನಡುವೆ ನಿಂತು, "ನಾನು ಹಿಂಗೆ ಓಡ್ಸುವಾಗ ನಿಮಗೆಲ್ಲ ಭಾಳ ಸಿಟ್ಟು ಬರ್ತಿತ್ತೇನೇ?" ಎಂದು ಕೇಳಿದರು.

"ಭಾಳ ಸರ್."

"ಬರ್ಲಿ" ಎಂದರು. ಮೂರನೆಯದನ್ನೂ ಮುಗಿಸಿದರು. ಮಂಚದ ಮೇಲೆ ಕೂತು ಏದುಸಿರು ಬಿಡುತ್ತ ನನ್ನ ಕೈ ಹಿಡಿದುಕೊಂಡರು. ನಾನೂ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಅದೇ ಕಾನೂನು ಆಟಕ್ಕೂ ಬಂತು. ಬುಟ್ಟಿಯಪ್ಪ ಬಿದ್ದಷ್ಟು ಸಲ ಮೇಷ್ಟ್ರು ನಡುಮನೆ ಸುತ್ತಬೇಕು. ಅಮ್ಮನೇ ಅಂಪೈರು. ಗೇಮಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಆದರೆ ಬಿದ್ದಾಗ ಬರುವ ಸದ್ದು ಮಾತ್ರ ಚೆನ್ನಾಗಿ ಗೊತ್ತಾಗಿತ್ತು. ಸಾರಿಗೆ ಒಗ್ಗರಣೆ ಹಾಕುತ್ತಲೇ, "ಬಿದ್ನಲ್ಲ! ಏಳ್ರಿ, ಏಳ್ರಿ!" ಎಂದು ಕೂಗುತ್ತಿದ್ದರು. ಮೇಷ್ಟ್ರು ಸದ್ದು ಕಡಿಮೆ ಮಾಡುವ ಗುಂಡಿಯನ್ನು ಹುಡುಕಿದ ದಿನ ದೊಡ್ಡ ಜಗಳವಾಗಿ, ನನಗೆ ಫೋನು ಬಂದು, ನಾನು ಶಾಲೆಯಿಂದಲೇ ತೀರ್ಪು ಕೊಡಬೇಕಾಯಿತು. ಎರಡು ತಿಂಗಳಿಗೆ ವಾಕರ್ ಹೋಗಿ ಕೋಲು ಬಂತು. ಡಾಕ್ಟರು ಯಾವ ವ್ಯಾಯಾಮ ಮಾಡಿಸಿದಿರಿ ಎಂದು ಕೇಳಿದಾಗ ಅಮ್ಮ, "ಬುಟ್ಟಿಯಪ್ಪ ಮಾಡ್ಸಿದ ಸರ್" ಎಂದರಂತೆ. ಡಾಕ್ಟರು ಅದು ಯಾವುದೋ ನಾಟಿ ವೈದ್ಯರ ಹೆಸರೆಂದುಕೊಂಡು, ಅಂಥವರ ಹತ್ತಿರ ಹೋಗಬೇಡಿರೆಂದು ಬುದ್ಧಿ ಹೇಳಿ ಕಳಿಸಿದರಂತೆ.

ಇತ್ತ ನಾನೂ ಸುಮ್ಮನೆ ಕೂರಲಿಲ್ಲ. ಮೂರು ರೌಂಡಿನ ಆ ಭಾನುವಾರ ಕಳೆದು ಸೋಮವಾರವೇ ಹೊಂಡದ ಗರಿಕೆ ಕೀಳಿಸಿದೆ. ಹೊಸ ಮರಳು ತುಂಬಿಸಿ, ಸಲಿಕೆಯಲ್ಲಿ ಸಡಿಲ ಮಾಡಿಸಿದೆ. ಎಲ್ಲ ಮುಗಿದು ಹುಡುಗಿಯರು ಮನೆಗೆ ಹೋದ ಮೇಲೆ, ಚೂಡಿದಾರದಲ್ಲೇ, ಯಾರೂ ಇಲ್ಲವೆಂದು ನೋಡಿಕೊಂಡು ಓಡಿ ಹಾರಿದೆ. ಎಷ್ಟು ದೂರವೆಂದು ಅಳೆಯಲಿಲ್ಲ. ಹಲಗೆ ಹತ್ತಿರ ಬಂದು ನೋಡಿದೆ, ನನ್ನ ಕಾಲಿನ ಗುರುತು ಅದರ ಹಿಂದೆಯೇ ಇತ್ತು. ಅಲ್ಲೇ ಕೂತು ಒಂದಷ್ಟು ಹೊತ್ತು ನಕ್ಕೆ.

ಕೋಲು ಹಿಡಿದು ನಡೆಯುವಂತಾದ ಮೇಲೆ ಮೇಷ್ಟ್ರು ಒಂದು ದಿನ ಬಸ್ಸಿಳಿದು ನಮ್ಮ ಮೈದಾನಕ್ಕೆ ಬಂದರು. ಕುರ್ಚಿ ಹಾಕಿಸಿದೆ, ಕೂರಲಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ನಾನು ಅಡಿ ಅಳೆದು ಕಲ್ಲಿಡಲು ಹೋದಾಗ ಕೋಲಿನಿಂದ ನನ್ನ ಕೈಯನ್ನು ತಡೆದರು.

"ನೀನು ಇಡಬೇಡ. ಅವಳೇ ಓಡಿ ನೋಡ್ಲಿ, ಅವಳೇ ಇಡ್ಲಿ. ನೆಲ ಹೆಂಗೈತೆ ಅಂತ ಅವಳ ಕಾಲಿಗೆ ಗೊತ್ತಾಗ್ಬೇಕು. ಇದನ್ನ ಕಲಿಯೋ ಹೊತ್ತಿಗೆ ನಾನು ರಿಟೈರ್ ಆಗ್ಬಿಟ್ಟಿದ್ದೆ."

ಆಟದ ಕೊನೆಯ ಗೋಪುರ ಅವರನ್ನು ಏಳು ತಿಂಗಳು ಕಾಡಿತು. ಮಾವನ ಮನೆಯಲ್ಲಿ ನಾವ್ಯಾರೂ ಅದರ ತುದಿ ಕಂ‌ಡಿರಲಿಲ್ಲ. ಒಂದು ಮಧ್ಯಾಹ್ನ ಸ್ಟಾಫ್ ಮೀಟಿಂಗಿನ ನಡುವೆ ನನ್ನ ಫೋನು ಹೊಡೆದುಕೊಂಡಿತು. ಎತ್ತಿದರೆ, ಹೆಡ್‌ಮಾಸ್ಟರಿಗೂ ಕೇಳುವ ಹಾಗೆ ಮೇಷ್ಟ್ರ ಕೂಗು: "ಹತ್ತಿದ ಕಣೇ! ಹತ್ತಿದ! ಮೇಲೆ ಹೋಗಿ ಏನು ಮಾಡ್ತಾನೆ ಗೊತ್ತಾ? ಬುಟ್ಟಿ ಕೆಳಗಿಟ್ಟು, ಕಾಲು ಚಾಚಿ ಕೂತ್ಕಂಡ! ಇಷ್ಟಕ್ಕೇ ನೋಡು ಇಷ್ಟೆಲ್ಲ!" ಮೀಟಿಂಗಿನಲ್ಲಿದ್ದವರೆಲ್ಲ ಏನು, ಯಾರು, ಎಲ್ಲಿ ಹತ್ತಿದರು ಎಂದು ಕೇಳಿದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕಾರಣ ತಿಳಿಯದಿದ್ದರೂ ಅವರೂ ತಟ್ಟಿದರು.

ಕಳೆದ ವರ್ಷ ಶ್ರಾವಣದಲ್ಲಿ ಮೇಷ್ಟ್ರು ಹೋದರು. ಬೆಳಗಿನ ವಾಕಿಂಗ್ ಮುಗಿಸಿ ಬಂದು, ಕಾಫಿ ಕೇಳಿ, ಅಮ್ಮ ತರುವಷ್ಟರಲ್ಲಿ ಕುರ್ಚಿಯಲ್ಲೇ. ಯಾರಿಗೂ ತೊಂದರೆ ಕೊಡಲಿಲ್ಲ. ಸುದ್ದಿ ತಿಳಿದು ಜಿಲ್ಲೆಯ ಎಲ್ಲೆಲ್ಲಿಂದಲೋ ಜನ ಬಂದರು. ನಾನು ಅತ್ತದ್ದು ನಿಜ, ಆದರೆ ಅಂಥ ಸಾವಿಗೆ ಎಷ್ಟು ಅಳಬೇಕೋ ಅಷ್ಟೇ.

ಅವರಿಂದ ನಾನು ಕಲಿತದ್ದು ಲಾಂಗ್ ಜಂಪ್ ಎಂದು ಎಲ್ಲರೂ ತಿಳಿದಿದ್ದಾರೆ. ನಿಜ. ಅದಕ್ಕಿಂತ ಹೆಚ್ಚಾಗಿ ಕಲಿತದ್ದು ಇನ್ನೊಂದು, ಮತ್ತು ಅದನ್ನು ಅವರು ತಡವಾಗಿ ಕಲಿತಿದ್ದರಿಂದ ನಾನು ಬೇಗ ಕಲಿತೆ. ಕಳೆದ ವಾರ ಖೋಖೋ ಪಂದ್ಯದಲ್ಲಿ ನಾನು ಒಬ್ಬ ಹುಡುಗಿಯನ್ನು ತಪ್ಪು ಜಾಗದಲ್ಲಿ ಕೂರಿಸಿದೆ. ತಂಡ ಸೋತಿತು. ಸಿಟ್ಟಿನಲ್ಲಿ ಎಲ್ಲರ ಮುಂದೆ ಅವಳನ್ನೇ ಬೈದೆ. ಮನೆಗೆ ಹೋಗಿ ಚಪ್ಪಲಿ ಬಿಟ್ಟವಳು ಮತ್ತೆ ಮೆಟ್ಟಿಕೊಂಡು ಅವಳ ಮನೆ ಹುಡುಕಿಕೊಂಡು ಹೊರಟೆ. ನನ್ನನ್ನು ಬಾಗಿಲಲ್ಲಿ ಕಂಡು ಹುಡುಗಿ ಹೆದರಿ ತನ್ನ ತಾಯಿಯ ಬೆನ್ನ ಹಿಂದೆ ನಿಂತಳು.

"ಇವತ್ತು ನಿನ್ನದೇನೂ ತಪ್ಪಿರಲಿಲ್ಲ. ನಾನೇ ತಪ್ಪು ಜಾಗಕ್ಕೆ ಕೂರಿಸಿದ್ದೆ. ಅದನ್ನ ಹೇಳಾಕೆ ಬಂದೆ" ಎಂದೆ.

ಹುಡುಗಿ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ನನಗೆ ಆಗ್ಲೇ ಗೊತ್ತಿತ್ತು ಟೀಚರ್" ಎಂದಳು. "ಒಳಗೆ ಬರ್ರಿ, ಚಾ ಮಾಡ್ತೀನಿ."